ಬೀಜ ಬಂತು, ಸುಣ್ಣ ಬರಲಿಲ್ಲ

(ಧಾರವಾಡದಲ್ಲಿ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಮೊದಲು ಈ ಮೂರು ಎಳೆ ಉಣ್ಣೆಯನ್ನು ನೋಡಿ. ಮುಂದಿನ ಸಾಲಿನವರು ಮುಟ್ಟಿ ನೋಡಿ ಹಿಂದಕ್ಕೆ ಕಳಿಸುತ್ತ ಹೋಗಿ. ಒಂದು ಕಡುಗೆಂಪು, ಇನ್ನೊಂದು ಕಿತ್ತಳೆ, ಮತ್ತೊಂದು ನೇರಳೆ. ಮೂರಕ್ಕೂ ಬಣ್ಣ ಕೊಟ್ಟದ್ದು ಒಂದೇ ಹುಳ. ಆ ಹುಳ ಬದುಕುವುದು ಪಾಪಾಸುಕಳ್ಳಿಯ ಮೇಲೆ. ಅದರ ಕಥೆಗೆ ಆಮೇಲೆ ಬರುತ್ತೇನೆ, ಅಷ್ಟರಲ್ಲಿ ಎಳೆಗಳು ಹಿಂದಿನ ಸಾಲು ಮುಟ್ಟಿರುತ್ತವೆ.

ನಾನು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಆದರೆ ಅವರು ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಮನೆಯಲ್ಲಿ, ಖಣ ನೇಯುವ ಕುಣಿಮಗ್ಗದ ಪಕ್ಕದಲ್ಲಿ. ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳೇ ಅಂದಳು: "ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೋಕ್ಕ ಬ್ಯಾರೆ ವೀಸಾ ಬೇಕಾಗಂಗಿಲ್ಲ. ಒಂದು ವಾರ ಇಬ್ಬರೂ ಹೋಗಿ ಬರ್ರಿ." ಅವಳ ಮನಸ್ಸಿನಲ್ಲಿದ್ದದ್ದು ಕಡಲ ತೀರದ ಊರು. ನಾನು ವಹಾಕಾ ಅಂದೆ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಓಕ್ಸಾಕಾ ಅನ್ನಿಸುತ್ತದೆ, ಆದರೆ ಊರಿನವರು ಕರೆಯುವುದು ವಹಾಕಾ ಎಂದೇ.

ಆ ಹೆಸರು ನನಗೆ ತರಗತಿಯಿಂದಲೇ ಪರಿಚಯ. ಆ ಊರಿನ ಪೂರ್ವಕ್ಕೆ, ಮಿತ್ಲಾ ಎಂಬ ಹಳ್ಳಿಯ ಹತ್ತಿರ, ಗಿಲಾ ನಾಕಿಟ್ಸ್ ಎಂಬ ಗುಹೆಯಿದೆ. ಅಲ್ಲಿ ಸಿಕ್ಕ ಕುಂಬಳದ ಜಾತಿಯ ಬೀಜಗಳಿಗೆ ಸುಮಾರು 10,000 ವರ್ಷ, ಮೆಕ್ಕೆಜೋಳದ ಪುಟ್ಟ ತೆನೆಗಳಿಗೆ 6,000 ವರ್ಷಕ್ಕೂ ಹೆಚ್ಚು ವಯಸ್ಸು. ನಾವು ಧಾರವಾಡದ ಕಡೆಯವರು ಗೋವಿನಜೋಳ ಅನ್ನುವ ಆ ಬೆಳೆ ಮನುಷ್ಯರ ಕೈಗೆ ಬಂದು ಪಳಗಿದ್ದು ದಕ್ಷಿಣ ಮೆಕ್ಸಿಕೋ ಸೀಮೆಯಲ್ಲೇ. ಅದನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ. ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಹೋದದ್ದು ಅಕ್ಟೋಬರ್ ಕೊನೆಯ ವಾರ. ಊರು ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿದೆ, ಸುತ್ತ ಬೆಟ್ಟ. ಹಸಿರು ಛಾಯೆಯ ಕಲ್ಲಿನ ಚರ್ಚುಗಳು, ಒಂದೊಂದು ಬಣ್ಣದ ಗೋಡೆಯ ತಗ್ಗು ಮನೆಗಳು. ಹಳೆಯ ಊರನ್ನೂ, ಪಕ್ಕದ ಬೆಟ್ಟದ ನೆತ್ತಿಯ ಮೇಲಿನ ಪ್ರಾಚೀನ ನಗರ ಮೊಂತೆ ಅಲ್ಬಾನನ್ನೂ 1987ರಲ್ಲಿ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಮೊಂತೆ ಅಲ್ಬಾನ್ ಬಗ್ಗೆಯೇ ಬೇರೊಂದು ಸಂಜೆ ಬೇಕು. ಇವತ್ತು ಅಡುಗೆಮನೆ ಮತ್ತು ಮಗ್ಗ ಬಿಟ್ಟು ಆಚೆ ಹೋಗುವುದಿಲ್ಲ.

ಬೆಳಿಗ್ಗೆ ಮಾರುಕಟ್ಟೆಗೆ ಕಾಲಿಟ್ಟಾಗ ಎದುರಾದದ್ದು ಚೆಂಡುಹೂವಿನ ರಾಶಿ, ಅದರ ಪಕ್ಕದಲ್ಲೇ ಕೋಳಿಜುಟ್ಟಿನ ಹೂ. ನವೆಂಬರ್ 1 ಮತ್ತು 2 ಅವರ ಹಿರಿಯರು ಮನೆಗೆ ಬರುವ ದಿನಗಳು. ಸತ್ತವರ ಫೋಟೋ ಇಟ್ಟು, ಅವರಿಗೆ ಸೇರುತ್ತಿದ್ದ ಊಟ ಬಡಿಸಿ, ಚೆಂಡುಹೂವಿನ ಪಕಳೆಯಿಂದ ಬಾಗಿಲವರೆಗೆ ದಾರಿ ಹಾಕುತ್ತಾರೆ. ನಮ್ಮಲ್ಲಿ ದೀಪಾವಳಿಗೆ ಗಾಡಿಗಟ್ಟಲೆ ಮಾರುವ ಚೆಂಡುಹೂವಿನ ಮೂಲ ನಾಡು ಮೆಕ್ಸಿಕೋ. ಇದನ್ನು ನಾನು ನೂರು ಸಲ ಪಾಠ ಹೇಳಿದ್ದರೂ ಆ ಬೆಳಿಗ್ಗೆ ಆ ವಾಸನೆಗೆ ಕಣ್ಣು ತೇವವಾಯಿತು. ನನ್ನ ಅತ್ತೆಯವರು ತೀರಿಹೋಗಿ ಆಗ ವರ್ಷ ತುಂಬಿರಲಿಲ್ಲ.

ಸೊಪ್ಪಿನ ಸಾಲಿನಲ್ಲಿ ನಾನು ಕಾಲು ಗಂಟೆ ನಿಂತುಬಿಟ್ಟೆ. ಅವರು ವೆರ್ದೊಲಾಗಾ ಅನ್ನುವುದು ನಮ್ಮ ಗೋಣಿಸೊಪ್ಪು. ದಂಟಿನ ಸೊಪ್ಪಿನ ಬಳಗವೂ ಇತ್ತು. ಓಹಾ ಸಾಂತಾ ಅನ್ನುವ ಅಂಗೈಗಿಂತ ಅಗಲದ ಎಲೆಯನ್ನು ಮುರಿದು ಮೂಸಿದರೆ ಸೋಂಪಿನ ವಾಸನೆ. ಅದು ನಮ್ಮ ವೀಳ್ಯದೆಲೆ, ಕರಿಮೆಣಸಿನ ಕುಲದ್ದೇ ಗಿಡ. ಒಬ್ಬ ಅಜ್ಜಿ ಚಪ್ಪಟೆ ಕಾಯಿಗಳ ಕಟ್ಟು ಹಿಡಿದು ಕೂತಿದ್ದಳು. ನೋಡಿದರೆ ನಮ್ಮ ಸುಬಾಬುಲ್! ಸಾಮಾಜಿಕ ಅರಣ್ಯದ ಕಾಲದಲ್ಲಿ ನಾವು ಮೇವಿಗೆಂದು ನೆಟ್ಟು, ಈಗ ಬೇಲಿಬದಿಯಲ್ಲಿ ಕಳೆಯಂತೆ ಕಾಣುವ ಮರ. ಅವರು ಅದರ ಹಸಿ ಬೀಜ ಬಿಡಿಸಿ ರೊಟ್ಟಿಯ ಜೊತೆ ತಿನ್ನುತ್ತಾರೆ, ಬೆಳ್ಳುಳ್ಳಿಯ ಘಾಟು ಅದಕ್ಕೆ. ಅವರ ಮಾತಿನಲ್ಲಿ ಆ ಕುಲದ ಮರದ ಹೆಸರು ಗ್ವಾಹೆ, ವಹಾಕಾ ಎಂಬ ಊರಿನ ಹೆಸರೇ ಆ ಮರದಿಂದ ಹುಟ್ಟಿದ್ದು. ಸಪೋಟ ಎಂಬ ಮಾತೂ ಅಲ್ಲಿಯದೇ. ಆ ಸೀಮೆಯ ಮೂಲ ಜನ ಸಪೊಟೆಕರು, ಆ ಹೆಸರಿನ ಬೇರೂ ನಮ್ಮ ಚಿಕ್ಕುಹಣ್ಣಿನ ಬೇರೂ ಒಂದೇ.

ಇನ್ನು ರೊಟ್ಟಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ನಾನು ಆ ಊರಿನಿಂದ ತಂದ ದೊಡ್ಡ ಪಾಠ ಇದೇ.

ಒಬ್ಬ ತಾಯಿ ಮಣ್ಣಿನ ಹೆಂಚಿನ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದಳು. ಆ ಹೆಂಚಿಗೆ ಕೊಮಾಲ್ ಅನ್ನುತ್ತಾರೆ. ಹೆಂಚಿನ ಮೈಯೆಲ್ಲ ಬೆಳ್ಳಗಿತ್ತು, ಸುಣ್ಣದ ನೀರು ಬಳಿದಿದ್ದಳು, ರೊಟ್ಟಿ ಅಂಟಬಾರದೆಂದು. ನಮ್ಮ ಮನೆಯವರು ಕೂತಲ್ಲೇ ಕಣ್ಣು ಮುಚ್ಚಿ, "ಇವಳ, ಇದು ನಮ್ಮವ್ವನ ಒಲಿ ಮುಂದಿನ ವಾಸನಿ" ಅಂದರು. ಆದರೆ ನನ್ನ ಕಣ್ಣು ಹೆಂಚಿನ ಮೇಲಿರಲಿಲ್ಲ, ಪಕ್ಕದ ಬಕೆಟ್‌ನ ಮೇಲಿತ್ತು. ಅದರಲ್ಲಿ ರಾತ್ರಿಯಿಡೀ ನೆನೆದ ಮೆಕ್ಕೆಜೋಳ, ನೀರು ಹಳದಿ ಬಣ್ಣಕ್ಕೆ ತಿರುಗಿತ್ತು. ಅವಳು ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ತೋರಿಸಿದಳು. ಸಿಪ್ಪೆ ಜಾರಿ ಬಂತು.

ವಿಧಾನ ಇಷ್ಟೆ: ಒಣ ಕಾಳನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ರಾತ್ರಿ ಬಿಟ್ಟು, ಬೆಳಿಗ್ಗೆ ತೊಳೆದು, ಹಸಿಯಾಗಿಯೇ ಅರೆಯುವುದು. ನಿಶ್ತಮಾಲ್ ಎಂದು ಅದರ ಹೆಸರು. ಸುಣ್ಣ ಅಲ್ಲಿ ಮೂರು ಕೆಲಸ ಮಾಡುತ್ತದೆ. ಸಿಪ್ಪೆ ಬಿಡಿಸುತ್ತದೆ. ಹಿಟ್ಟಿಗೆ ಜಿಗುಟು ಕೊಡುತ್ತದೆ, ಹಾಗಾಗಿ ರೊಟ್ಟಿ ಒಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವವನ್ನು ಬಿಡಿಸಿ ಮೈಗೆ ಹತ್ತುವಂತೆ ಮಾಡುತ್ತದೆ. ಹದಿನಾರನೆಯ ಶತಮಾನದಲ್ಲಿ ಯುರೋಪಿನವರು ಈ ಬೆಳೆಯ ಬೀಜ ಒಯ್ದರು, ಈ ಅಡುಗೆ ಒಯ್ಯಲಿಲ್ಲ. ಮುಂದೆ ಸ್ಪೇನಿನಲ್ಲಿ, ಉತ್ತರ ಇಟಲಿಯಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಮೆಕ್ಕೆಜೋಳವೊಂದನ್ನೇ ನಂಬಿ ಬದುಕಿದ ಬಡವರು ಪೆಲಾಗ್ರಾ ಎಂಬ ರೋಗದಿಂದ ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಅದೇ ಕಾಳು ತಿಂದ ವಹಾಕಾದ ಹಳ್ಳಿಯ ಹೆಂಗಸರಿಗೆ ಆ ರೋಗದ ಹೆಸರೂ ಬೇಕಾಗಿರಲಿಲ್ಲ.

ನಮ್ಮ ಮಾತೂ ಹೇಳಬೇಕು. ದಾವಣಗೆರೆ, ಹಾವೇರಿ ಕಡೆ ಕಣ್ಣು ಹಾಯುವವರೆಗೂ ಗೋವಿನಜೋಳವೇ. ಬಹುಪಾಲು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಸುಣ್ಣವೋ, ನಮ್ಮ ಪ್ರತಿ ಮನೆಯ ಎಲೆ ಅಡಿಕೆ ಚೀಲದಲ್ಲೇ ಇದೆ. ಬೀಜ ನಮ್ಮಲ್ಲಿಗೆ ಬಂದು ಎಷ್ಟು ತಲೆಮಾರಾಯಿತು! ಸುಣ್ಣ ಮತ್ತು ಕಾಳು ಒಂದೇ ಪಾತ್ರೆಗೆ ಬೀಳಬೇಕು ಎಂದು ನಮಗೆ ಹೇಳುವವರೇ ಇರಲಿಲ್ಲ. ಗಿಡಗಳು ಹಡಗು ಹತ್ತಿ ಬಂದುಬಿಡುತ್ತವೆ. ಅವುಗಳನ್ನು ಅರಿತ ಕೈಗಳು ಬರುವುದಿಲ್ಲ. ಆ ಹೆಂಚಿನ ಮುಂದೆ ಕೂತಾಗ ನನಗೆ ಇದು ಬಹಳ ನೋವಿನಿಂದ ಹೊಳೆಯಿತು.

ಊಟದ ವಿಷಯ ಕೇಳುತ್ತೀರಿ, ಗೊತ್ತು. ನಾವಿಬ್ಬರೂ ಶಾಕಾಹಾರಿಗಳು. ರೊಟ್ಟಿಗೆ ಹಂದಿಯ ಜಿಡ್ಡು ಸವರುವ ರೂಢಿ ಅಲ್ಲಿದೆ, ಅದಕ್ಕೆ ಅಸಿಯೆಂತೊ ಅನ್ನುತ್ತಾರೆ. "ಸಿನ್ ಅಸಿಯೆಂತೊ", ಅಂದರೆ ಅದು ಬೇಡ, ಎಂಬ ಎರಡು ಮಾತು ಮಗಳು ಬರೆದುಕೊಟ್ಟಿದ್ದಳು. ಎಲ್ಲೂ ಮುಖ ಗಂಟಿಕ್ಕಲಿಲ್ಲ. ತ್ಲಾಯುದಾ ಎಂಬುದು ನಮ್ಮ ಖಡಕ್ ರೊಟ್ಟಿಗೂ ಮೆತ್ತನೆಯ ರೊಟ್ಟಿಗೂ ನಡುವಿನದು, ತಾಟು ಮೀರುವಷ್ಟು ಅಗಲ. ಅದರ ಮೇಲೆ ಕರಿ ಹುರುಳಿಕಾಯಿ ಬೀಜ ಬೇಯಿಸಿ ಅರೆದದ್ದು, ಎಳೆ ಎಳೆಯಾಗಿ ಬಿಡಿಸಿದ ಕೆಸಿಯೋ ಎಂಬ ಚೀಸು. ಮಿಡತೆ ಹುರಿದು ಮಾರುವ ಬುಟ್ಟಿಗಳೂ ಇದ್ದವು. ನಾವು ತಿನ್ನಲಿಲ್ಲ, ಆದರೆ ಮಳೆಗಾಲದ ಹೊಲದಲ್ಲಿ ಅವನ್ನು ಹಿಡಿದು, ನಿಂಬೆ ಬೆಳ್ಳುಳ್ಳಿ ಹಾಕಿ ಹುರಿಯುವುದು ಅಲ್ಲಿ ಎಷ್ಟು ಹಳೆಯ ಪದ್ಧತಿ ಎಂದು ಮಾರುವ ಹೆಂಗಸಿನಿಂದ ಕೇಳಿ ತಿಳಿದೆವು. ಚಾಕೊಲೇಟನ್ನು ಅವರು ಕುಡಿಯುತ್ತಾರೆ. ಕೊಕೊ ಬೀಜ, ದಾಲ್ಚಿನ್ನಿ, ಸಕ್ಕರೆ ಗಿರಣಿಯಲ್ಲಿ ಬೀಸಿಸಿ, ಬಿಸಿನೀರಿಗೆ ಹಾಕಿ, ಮರದ ಕಡೆಗೋಲನ್ನು ಎರಡು ಅಂಗೈ ನಡುವೆ ತಿರುವಿ ನೊರೆ ಎಬ್ಬಿಸುತ್ತಾರೆ.

ಮೋಲೆ ಎಂಬ ಅವರ ಗೊಜ್ಜಿನ ಬಗ್ಗೆ ಮಾತ್ರ ಅವಸರ ಮಾಡಲಾರೆ. ವಹಾಕಾದಲ್ಲಿ ಏಳು ಬಗೆಯ ಮೋಲೆ ಎಂದು ಎಣಿಸುತ್ತಾರೆ. ಎಲ್ಲಕ್ಕೂ ಹಿರಿಯದು ಮೋಲೆ ನೆಗ್ರೊ, ಕಪ್ಪು ಗೊಜ್ಜು ಅನ್ನೋಣ. ಒಬ್ಬ ಅಡುಗೆಯ ತಾಯಿ ತಮ್ಮ ಮನೆಯಂಗಳದಲ್ಲಿ ಕಲಿಸುತ್ತಿದ್ದರು, ನಮಗಾಗಿ ಕೋಳಿಯ ಸಾರು ಬಿಟ್ಟು ತರಕಾರಿಯ ನೀರಿನಲ್ಲೇ ಮಾಡಿದರು. ಚಿಲ್ವಾಕ್ಲೆ ಎಂಬ ದುಂಡನೆಯ, ಕಪ್ಪು ಬಣ್ಣದ ಒಣಮೆಣಸಿನಕಾಯಿ. ಅದು ಬೆಳೆಯುವುದು ಅದೇ ರಾಜ್ಯದ ಉತ್ತರದ ಒಂದು ಸಣ್ಣ ಕಣಿವೆಯ ಕಡೆ, ಬೆಲೆಯೂ ಜಾಸ್ತಿ. ಅದನ್ನು ಹುರಿಯುವುದಲ್ಲ, ಕರಕಲಾಗಿಸುತ್ತಾರೆ. ಅದರ ಬೀಜವನ್ನೂ ಒಂದು ರೊಟ್ಟಿಯನ್ನೂ ಪೂರಾ ಸುಟ್ಟು, ಕಹಿ ಹೋಗಲೆಂದು ನೀರಿನಲ್ಲಿ ನೆನೆಸಿ, ಹುರಿದ ಎಳ್ಳು, ಶೇಂಗಾ, ಬಾದಾಮಿ, ಟೊಮೆಟೊ, ಒಣದ್ರಾಕ್ಷಿ, ಕೊನೆಗೆ ಚಾಕೊಲೇಟ್ ಸೇರಿಸಿ ಅರೆದು, ಗಂಟೆಗಟ್ಟಲೆ ಕುದಿಸುತ್ತಾರೆ. ಹೊಗೆಗೆ ನಾವೆಲ್ಲ ಕೆಮ್ಮುತ್ತ ಅಂಗಳದಾಚೆ ಹೋದೆವು, ಆ ತಾಯಿ ಅಲುಗಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಮನೆಯಲ್ಲಿ ಬೆಳೆದ ನನಗೂ ಆ ಹೊಗೆ ಹೊಸದು.

ಮಸಾಲೆಯ ತಟ್ಟೆಯಲ್ಲಿ ಮಾತ್ರ ನನ್ನ ಗುರುತಿನವರು ಕೂತಿದ್ದರು: ಕರಿಮೆಣಸು, ಲವಂಗ, ದಾಲ್ಚಿನ್ನಿ. ನಮ್ಮ ಏಷ್ಯಾದ ಕಡೆಯಿಂದ ಹೋದವು. ನಮ್ಮ ಭಾಷೆಯಲ್ಲಿ ಮೆಣಸು ಅಂದರೆ ಮೊದಲು ಅದೇ ಕರಿಮೆಣಸು. ಅವರ ಗಿಡ ನಮ್ಮಲ್ಲಿಗೆ ಬಂದಾಗ ಅದಕ್ಕೆ ನಾವು ಇಟ್ಟ ಹೆಸರು ಮೆಣಸಿನಕಾಯಿ. ಬಾಯಿಗಿಟ್ಟಾಗ ಮೊದಲು ಸಿಹಿ, ಆಮೇಲೆ ಹೊಗೆ, ಆಮೇಲೆ ತೆಳುವಾದ ಕಹಿ, ಖಾರ ಬರುವುದು ಎಲ್ಲಕ್ಕೂ ಕೊನೆಗೆ. ಅಂಥ ರುಚಿ ನಾನು ಅದಕ್ಕೆ ಮೊದಲು ಉಂಡಿರಲಿಲ್ಲ.

ಕುಶಲ ಕೆಲಸದ ಹಳ್ಳಿಗಳು ಊರಿನ ಸುತ್ತ ಹರಡಿವೆ, ಒಂದೊಂದು ಹಳ್ಳಿಗೆ ಒಂದೊಂದು ಕಸುಬು. ತಿಲ್ಕಹೆತೆಯಲ್ಲಿ ಕೊಪಾಲ್ ಮರದಿಂದ ಬಣ್ಣದ ಪ್ರಾಣಿಗಳನ್ನು ಮಚ್ಚು ಮತ್ತು ಚಾಕುವಿನಿಂದಲೇ ಕೆತ್ತುತ್ತಾರೆ. ಆ ಮರ ನಮ್ಮ ಗುಗ್ಗುಳದ ಕುಟುಂಬಕ್ಕೆ ಸೇರಿದ್ದು, ಅದರ ಅಂಟು ಧೂಪಕ್ಕೆ ಬರುತ್ತದೆ. ಸಾನ್ ಬಾರ್ತೊಲೊ ಕೊಯೊತೆಪೆಕ್‌ನಲ್ಲಿ ಕಪ್ಪು ಮಡಕೆ. ಕುಂಬಾರನ ತಿಗರಿ ಅಲ್ಲಿಲ್ಲ. ಒಂದು ತಟ್ಟೆ ಬೋರಲು ಹಾಕಿ, ಅದರ ಮೇಲೆ ಇನ್ನೊಂದನ್ನು ಕೂರಿಸಿ, ಕೈಯಿಂದಲೇ ತಿರುಗಿಸುತ್ತ ಮಡಕೆ ಎಬ್ಬಿಸುತ್ತಾರೆ. ಹಿಂದೆ ಆ ಮಡಕೆ ಬೂದುಬಣ್ಣದ್ದು, ನೀರು ಮತ್ತು ಮದ್ಯ ಹೊರಲು ಬಳಸುತ್ತಿದ್ದದ್ದು. 1950ರ ದಶಕದಲ್ಲಿ ದೋನ್ಯಾ ರೋಸಾ ಎಂಬ ಆ ಹಳ್ಳಿಯ ಹೆಣ್ಣುಮಗಳು, ಅರೆ ಒಣಗಿದ ಮಡಕೆಯನ್ನು ಸ್ಫಟಿಕದ ಕಲ್ಲಿನಿಂದ ಉಜ್ಜಿ, ಕಡಿಮೆ ಕಾವಿನಲ್ಲಿ ಸುಟ್ಟರೆ ಕನ್ನಡಿಯಂಥ ಕರಿಹೊಳಪು ಬರುವುದನ್ನು ಕಂಡುಕೊಂಡಳು. ಹೊಳಪು ಬಂತು, ಆದರೆ ಹೊಳೆಯುವ ಮಡಕೆ ನೀರು ಹಿಡಿಯುವುದಿಲ್ಲ. ಊರಿಗೆ ಊರೇ ಅದರಿಂದ ಬದುಕಿತು, ಆಕೆಯ ಹೆಸರನ್ನು ಇಂದಿಗೂ ಗೌರವದಿಂದ ಹೇಳುತ್ತಾರೆ. ನಾನು ಮಾತ್ರ ಹುಡುಕಿ ಹುಡುಕಿ ಹಳೆಯ ಬೂದುಬಣ್ಣದ್ದೇ ಒಂದು ಸಣ್ಣ ಗಡಿಗೆ ತಂದೆ. ನೀರು ತುಂಬಿಟ್ಟಿದ್ದೇನೆ, ಸೋರಿಲ್ಲ.

ಈಗ ಆ ಮೂರು ಎಳೆಗಳು. ತಿಯೊತಿತ್ಲಾನ್ ದೆಲ್ ವಾಯೆ ಎಂಬುದು ಸಪೊಟೆಕ್ ಮಾತಾಡುವ ನೇಕಾರರ ಹಳ್ಳಿ. ಮಗ್ಗ ಸ್ಪೇನಿನವರು ತಂದದ್ದು, ಕುರಿಯೂ ಅವರದೇ. ಬಣ್ಣ ಮತ್ತು ಚಿತ್ತಾರ ಊರಿನದು, ಮಿತ್ಲಾದ ಕಲ್ಲಿನ ಗೋಡೆಯ ಮೆಟ್ಟಿಲುಗೆರೆಗಳೇ ಕಂಬಳಿಯ ಮೇಲೆ ಇಳಿದಿವೆ. ಅಲ್ಲಿ ನಿಂತುಕೊಂಡು ನೇಯುತ್ತಾರೆ. ನಮ್ಮ ಮನೆಯವರು ಮಗ್ಗದ ಸುತ್ತ ಒಂದು ಸುತ್ತು ಬಂದರು, ಹಾಸಿನ ಮೇಲೆ ಕೈಯಾಡಿಸಿದರು, ಲಾಳಿ ಎತ್ತಿ ತೂಕ ನೋಡಿದರು. ಆ ನೇಕಾರ ಇವರ ಕೈ ನೋಡಿಯೇ ನಕ್ಕು, ಜಾಗ ಬಿಟ್ಟು ಸರಿದು ನಿಂತ. ಐವತ್ತು ವರ್ಷದ ಮೇಲೆ ಇವರು ಲಾಳಿ ಎಸೆದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅರ್ಧ ಗಂಟೆ ಅವರು ಮಾತಾಡಿದ್ದೇ ಮಾತಾಡಿದ್ದು.

ಆ ಮನೆಯ ಹೆಂಗಸು ನನ್ನ ಅಂಗೈ ಹಿಡಿದು, ನಾಲ್ಕು ಒಣ ಹುಳ ಹಾಕಿ ಬೆರಳಿನಿಂದ ಪುಡಿ ಮಾಡಿದಳು. ಕಡುಗೆಂಪು. ನಿಂಬೆರಸ ಹಿಂಡಿದಳು, ಕಿತ್ತಳೆಯಾಯಿತು. ಇನ್ನೊಂದು ಅಂಗೈಯ ಕೆಂಪಿಗೆ ಚಿಟಿಕೆ ಸುಣ್ಣ ಹಾಕಿದಳು, ನೇರಳೆ! ಅದೇ ರೊಟ್ಟಿಯ ಸುಣ್ಣ, ಹೆಂಚಿಗೆ ಬಳಿಯುವ ಸುಣ್ಣ. ಕೊಚಿನೀಲ್ ಎಂಬ ಈ ಹುಳ ಒಣಗಿ ಒಂದು ಕಿಲೋ ಆಗಬೇಕಾದರೆ ಸುಮಾರು 1,40,000 ಬೇಕು. ಸ್ಪೇನಿನ ಆಳ್ವಿಕೆಯಲ್ಲಿ ಮೆಕ್ಸಿಕೋದಿಂದ ಹೊರಹೋದ ಸರಕುಗಳಲ್ಲಿ ಬೆಳ್ಳಿ ಬಿಟ್ಟರೆ ಬೆಲೆಯುಳ್ಳದ್ದು ಇದೇ. ಇದು ಬೀಜವೋ ಹುಳವೋ ಎಂದು ಯುರೋಪಿನವರು ಬಹುಕಾಲ ವಾದ ಮಾಡಿದರು, ಸ್ಪೇನಿನವರು ಗುಟ್ಟು ಬಿಡಲಿಲ್ಲ. 1777ರಲ್ಲಿ ತಿಯೆರಿ ದ ಮೆನೊನ್‌ವೀಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಿ ಇದೇ ವಹಾಕಾಕ್ಕೆ ಬಂದು, ಹುಳ ಕೂತ ಕಳ್ಳಿಯನ್ನು ಕದ್ದು ಸಾಗಿಸಿದ. ಈಸ್ಟ್ ಇಂಡಿಯಾ ಕಂಪನಿಗೂ ಈ ಕೆಂಪು ಬೇಕಿತ್ತು, ಅವರ ಸೇನಾಧಿಕಾರಿಗಳ ಕೆಂಪಂಗಿಗೆ ಹಾಕುತ್ತಿದ್ದದ್ದು ಇದೇ ಬಣ್ಣ. ನಮ್ಮ ದೇಶಕ್ಕೆ ಅಮೆರಿಕ ಖಂಡದ ಕಳ್ಳಿ ತರಿಸಿ ನೆಟ್ಟರು, 1795ರಲ್ಲಿ ಬ್ರೆಜಿಲ್ ಕಡೆಯಿಂದ ಹುಳವೂ ಬಂತು. ಬಂದದ್ದು ಬೇರೆ ಜಾತಿ. ಅದರ ಕೆಂಪು ಕಡಿಮೆ, ವ್ಯಾಪಾರ ಕುದುರಲಿಲ್ಲ. ಕಳ್ಳಿಯಂತೂ ನಮ್ಮ ಬಯಲುಸೀಮೆಯಲ್ಲಿ ಉಳಿದುಕೊಂಡಿತು.

ಅಲ್ಲಿ ಒಂದು ಕಂಬಳಿ ನನಗೆ ಬಹಳ ಹಿಡಿಸಿತು. 4,500 ಪೆಸೋ ಅಂದರು. ನಾನು ರೂಢಿಯಂತೆ 3,000ಕ್ಕೆ ಕೇಳಿದೆ. ನಮ್ಮ ಮನೆಯವರು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. "ನಮ್ಮಪ್ಪ ಖಣದ ಗಂಟು ಹೊತ್ತು ಹೋದಾಗ ಅಂಗಡಿಯವ ಹಿಂಗ ಕೇಳತಿದ್ದ. ಅಪ್ಪ ಒಂದು ಮಾತೂ ಆಡತಿರಲಿಲ್ಲ. ಮನಿಗೆ ಬಂದು ಉಣ್ಣತಿರಲಿಲ್ಲ." ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಈ ಮಾತು ಅವರು ನನಗೆ ಹೇಳಿರಲಿಲ್ಲ. ನಾನು 4,500 ಎಣಿಸಿಕೊಟ್ಟೆ. ಆ ಹೆಂಗಸು ಈ ಮೂರು ಎಳೆಗಳನ್ನು ಕತ್ತರಿಸಿ ನನ್ನ ಕೈಗಿಟ್ಟಳು.

ಹೊರಡುವ ಹಿಂದಿನ ದಿನ ಸಾಂತೊ ದೊಮಿಂಗೊ ಚರ್ಚಿನ ಹಿಂದಿನ ಸಸ್ಯೋದ್ಯಾನಕ್ಕೆ ಹೋದೆವು. ಅದು ಬಹುಕಾಲ ಸೈನ್ಯದ ವಶದಲ್ಲಿದ್ದ ನೆಲ. ಸೈನ್ಯ ತೆರವು ಮಾಡಿದಾಗ ಅಲ್ಲಿ ಹೋಟೆಲು, ವಾಹನ ನಿಲ್ದಾಣ ಮಾಡುವ ಯೋಜನೆಯಿತ್ತು. ಚಿತ್ರಕಲಾವಿದ ಫ್ರಾನ್ಸಿಸ್ಕೊ ತೊಲೆದೊ ಮತ್ತು ಗೆಳೆಯರು ಅದನ್ನು ತಡೆದು, ವಹಾಕಾ ರಾಜ್ಯದ ಗಿಡಮರಗಳೇ ಬೆಳೆಯುವ ತೋಟ ಮಾಡಿಸಿದರು. ಇದೇ ತೊಲೆದೊ 2002ರಲ್ಲಿ ಊರ ನಡುವಿನ ಚೌಕದಲ್ಲಿ ಒಂದು ಅಮೆರಿಕನ್ ಬರ್ಗರ್ ಅಂಗಡಿ ಬರುವುದನ್ನು ವಿರೋಧಿಸಿ, ಜನಕ್ಕೆ ಮೆಕ್ಕೆಜೋಳದ ಕಡುಬು ಹಂಚಿದರು, ಅಂಗಡಿ ಬರಲಿಲ್ಲ. 2019ರಲ್ಲಿ ಅವರು ತೀರಿಕೊಂಡರು. ಸಸ್ಯಶಾಸ್ತ್ರದ ಮೇಷ್ಟರಾಗಿ ನಾನು ಆ ಕಲಾವಿದನಿಗೆ ಕೈಮುಗಿಯುತ್ತೇನೆ. ಒಂದು ಊರು ತನ್ನ ಕಳ್ಳಿಯನ್ನು, ತನ್ನ ಹುಳವನ್ನು ಹೀಗೆ ಎದೆಗಪ್ಪಿಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮನೆಗೆ ಬಂದ ಮೇಲೆ ಒಂದು ಕಿಲೋ ಗೋವಿನಜೋಳಕ್ಕೆ 10 ಗ್ರಾಂ ಸುಣ್ಣ ಹಾಕಿ ಕುದಿಸಿದೆ. ನಮ್ಮ ಕಾಳು ಗಟ್ಟಿ, ಒಂದೂವರೆ ಗಂಟೆ ಹಿಡಿಯಿತು. ಬೆಳಿಗ್ಗೆ ಅಂಗೈಯಲ್ಲಿ ಉಜ್ಜಿದಾಗ ಸಿಪ್ಪೆ ಜಾರಿತು. ಗ್ರೈಂಡರಿನಲ್ಲಿ ಅರೆದು ಬಡಿದ ರೊಟ್ಟಿ ಅಂಚು ಒಡೆಯಲಿಲ್ಲ. ಮನೆಗೆಲಸಕ್ಕೆ ಬರುವ ಗಂಗಕ್ಕ ಮುರಿದು ಬಾಯಿಗಿಟ್ಟು, "ಅಕ್ಕಾರ, ಇದು ನಮ್ಮ ಜ್ವಾಳ ಅಲ್ಲ ಬಿಡ್ರಿ, ಖರೇನ ಗೋವಿನಜ್ವಾಳ ಏನ್ರಿ?" ಅಂತ ಎರಡು ಸಲ ಕೇಳಿದಳು. ಈಗ ಅವಳ ಮನೆಯಲ್ಲೂ ವಾರಕ್ಕೊಮ್ಮೆ ಮಾಡುತ್ತಾಳೆ.

ಆಮೇಲೆ ಬೇಸಿಗೆಯಲ್ಲಿ ಗುಳೇದಗುಡ್ಡಕ್ಕೆ ಹೋಗುವಾಗ, ಬಾದಾಮಿ ದಾಟಿದ ಮೇಲೆ, ರಸ್ತೆಬದಿಯ ಪಾಪಾಸುಕಳ್ಳಿಯ ಮೇಲೆ ಹತ್ತಿಯಂಥ ಬಿಳಿ ಚುಕ್ಕೆಗಳು ಕಂಡವು. ಕಾರು ನಿಲ್ಲಿಸಿದೆವು. ನಮ್ಮ ಮನೆಯವರು ಒಂದು ಚುಕ್ಕೆಯನ್ನು ಬೆರಳಿನಿಂದ ಹಿಸುಕಿ, ಬಿಳಿ ಕರವಸ್ತ್ರದ ಮೇಲೆ ಒತ್ತಿದರು. ಕೆಂಪು. ತಿಯೊತಿತ್ಲಾನ್‌ನದಷ್ಟು ಗಾಢವಲ್ಲ, ಆದರೂ ಕೆಂಪೇ.

"ನಿಂಬಿಹಣ್ಣು ಅದ ಏನು ಚೀಲದಾಗ?" ಅಂದರು.

ನಿಂಬೆಹಣ್ಣು ಇರಲಿಲ್ಲ. ಎಲೆ ಅಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿ ಇತ್ತು. ತೋರುಬೆರಳಿನ ತುದಿಗೆ ಒಂದಿಷ್ಟು ತೆಗೆದು ಆ ಕೆಂಪಿನ ಮೇಲೆ ಹಚ್ಚಿದೆ. ನಾವು ನೋಡುತ್ತಿದ್ದಂತೆ ಅದು ನೇರಳೆಯಾಯಿತು.